ಬಿಳಿ ತಂತಿ

ದುರ್ಗಿಗುಡಿಯ ಹೊಲಿಗೆ ಅಂಗಡಿ ಮೇಲೆ ನನ್ನದೊಂದು ಮೇಜು.
ಪತ್ರ ಬರಹಗಾರ ಹುಚ್ಚರಾಯಪ್ಪ
ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ತಂದರು,
ಜ್ವರದ ಕೂಸನ್ನು ತರುವ ಹಾಗೆ.

"ಇಪ್ಪತ್ತು ನಿಮಿಷ ಸರಿ ಇರ್ತದೆ ಮೇಡಂ.
ಆಮೇಲೆ ಎಡಗೈ ಇಡಂಗಿಲ್ಲ, ಸುಡ್ತದೆ.
ವೈಫೈ ಹೋಗ್ತದೆ. ಪಾರ್ಟಿಯವರು ಕಾಯ್ತಾ ನಿಂತಿರ್ತಾರೆ."

ಹನ್ನೊಂದು ಸ್ಕ್ರೂ. ಹನ್ನೆರಡನೆಯದು ಇರಲಿಲ್ಲ,
ನನಗಿಂತ ಮುಂಚೆ ಯಾರೋ ಬಿಚ್ಚಿದ್ದಾರೆ.
ಫ್ಯಾನಿನಲ್ಲಿ ಧೂಳು, ಛಾಪಾಕಾಗದದ ಒಂದು ಚೂರು.
ಊದಿದೆ. ಡ್ರೈವರ್ ಬದಲಿಸಿದೆ.
ಕಾರ್ಡಿನ ಬೆನ್ನಿಗೆ ಥರ್ಮಲ್ ಪ್ಯಾಡ್ ಅಂಟಿಸಿದೆ.
ಊಟಕ್ಕೆ ಹೋಗಲಿಲ್ಲ.
ಪರದೆಯ ಮೇಲೆ ಎಂಬತ್ತೊಂಬತ್ತು ಡಿಗ್ರಿ.
ತೊಂಬತ್ತು.

ಬೆರಳ ಬೆನ್ನಿನಿಂದ ಮುಟ್ಟಿ ನೋಡುವಾಗ ಕಂಡಿತು:
ಕಪ್ಪು ತಂತಿ ತನ್ನ ಜಾಗದಲ್ಲಿದೆ,
ಬಿಳಿಯದು ಕಳಚಿಕೊಂಡು
ಬ್ಯಾಟರಿಯ ಮಗ್ಗುಲಲ್ಲಿ ಸುಮ್ಮನೆ ಮಲಗಿದೆ.

ಭದ್ರಾವತಿ ಕಾರ್ಖಾನೆಯಲ್ಲಿ ಒಂದು ಕಿವಿ ಬಿಟ್ಟು ಬಂದ
ನನ್ನ ಸೋದರಮಾವ ಹೀಗೇ,
ಎದುರಿಗೆ ಕೂತವರನ್ನೂ
ಹೊಳೆಯಾಚೆ ನಿಂತವರನ್ನು ಕೂಗಿದಂತೆ ಕೂಗುತ್ತಾನೆ.
ರೂಟರು ಇದ್ದದ್ದು ಇವರ ಗೋಡೆಯಾಚೆಗೇ.
ಕೂಗಿ ಕೂಗಿ ಕಾದಿತ್ತು
ಹೆಬ್ಬೆಟ್ಟಿನಗಲದ ಈ ಹಸಿರು ಹಲಗೆ.

ಉಗುರಿನಿಂದ ಒತ್ತಿದೆ. ಟಕ್.
ಕೆಳಗಿನಿಂದ ತರಿಸಿದ ಟೀ ಮುಗಿಯುವಷ್ಟರಲ್ಲಿ
ಐವತ್ತೆರಡು.

"ಇಷ್ಟೇನಾ?" ಅಂದರು ಹುಚ್ಚರಾಯಪ್ಪ,
ದನಿಯಲ್ಲಿ ತುಸು ನಿರಾಶೆ.
ದೊಡ್ಡ ಕಾಯಿಲೆಯಿದ್ದೀತೆಂದು
ಬ್ಯಾಂಕಿಗೆ ಹೋಗಿ ಬಂದಿದ್ದರಂತೆ.

ಇಲ್ಲದ ಹನ್ನೆರಡನೇ ಸ್ಕ್ರೂವನ್ನು
ನನ್ನ ಬೆಂಕಿಪೊಟ್ಟಣದಲ್ಲಿ ಹುಡುಕಿ ಹಾಕಿದೆ.
ಬಣ್ಣ ಬೇರೆ, ಅಳತೆ ಅದೇ.
ಅದೊಂದಕ್ಕೆ ದುಡ್ಡು ತಗೊಳ್ಳಲಿಲ್ಲ.