ಹದ

ಬುಧವಾರ, ಮಧ್ಯಾಹ್ನ ಎರಡೂವರೆ.
ಮಂಡ್ಯದ ನಮ್ಮ ಆಸ್ಪತ್ರೆಯ ಹನ್ನೊಂದನೇ ಕೊಠಡಿ,
ಫ್ಯಾನಿನ ಒಂದು ರೆಕ್ಕೆ ಸಡಿಲ.
ಹೊರಗೆ ಕಬ್ಬಿನ ಟ್ರ್ಯಾಕ್ಟರು ಹಾದರೆ
ಸ್ಟೆತಾಸ್ಕೋಪಿನೊಳಗೂ ಹಾದುಹೋಗುತ್ತದೆ.
ಮೊದಲು ಕಿಟಕಿ ಮುಚ್ಚಲು ಕಲಿಯಿರಿ, ಅನ್ನುತ್ತೇನೆ,
ಎದೆ ಆಮೇಲೆ.

ಮೂವರು: ಫರ್ಹಾನಾ, ಡೆನ್ಜಿಲ್, ಹಲಗೂರಿನ ಪುಟ್ಟಲಿಂಗು.
ಕುಟುಂಬ ವೈದ್ಯರಾಗಲು ಬಂದವರು.
ಅಂದರೆ ನೆಗಡಿಗೂ ಇವರೇ, ನಾಯಿ ಕಚ್ಚಿದರೂ ಇವರೇ,
ರಾತ್ರಿ ಹನ್ನೊಂದಕ್ಕೆ ಕದ ಬಡಿದು
‘ಅಪ್ಪಂಗೆ ಉಸ್ರು ಸಿಕ್ತಾ ಇಲ್ಲ’ ಅಂದರೂ ಇವರೇ.
ಶ್ವಾಸಕೋಶದ ತಜ್ಞರು ಮೈಸೂರಿನಲ್ಲಿ,
ಬಸ್ಸಿಗೆ ಒಂದೂವರೆ ಗಂಟೆ.
ಉಸಿರು ಕೈಕೊಟ್ಟವನಿಗೆ
ಅದು ಯಾವ ದೇಶದ ದೂರವೋ.

ಪುಸ್ತಕ ಹೇಳುತ್ತದೆ:
ಕಿವಿಯ ಬಳಿ ಕೂದಲೆಳೆ ಉಜ್ಜಿದ ಹಾಗೆ ಕೇಳುವ ಸದ್ದು.
ಡೆನ್ಜಿಲ್ ತಲೆ ತಡವಿದ;
ಉಜ್ಜುವಷ್ಟು ಉದ್ದದ್ದೇನೂ ಸಿಗದೆ ನಕ್ಕ.

ಟೋಕನ್ ನಲವತ್ತೊಂದು, ಜವರಯ್ಯ.
ಹದಿನೈದು ವರ್ಷ ಆಲೆಮನೆಯ ಒಲೆಬಾಯಿಗೆ ಕಬ್ಬಿನ ಸಿಪ್ಪೆ ತುಂಬಿದವನು,
ಆಮೇಲೆ ಬಡ್ತಿ, ಕೊಪ್ಪರಿಗೆ ಮುಂದೆ, ಪಾಕ ನೋಡುವ ಕೆಲಸ.
ಅಂಗಿ ಬಿಚ್ಚಿ ಬೆನ್ನು ಕೊಟ್ಟ.
ಫರ್ಹಾನಾ ಕೆಳಗಿನಿಂದ ಮೇಲಕ್ಕೆ, ಎಡದಿಂದ ಬಲಕ್ಕೆ
ಇಟ್ಟಳು, ಎತ್ತಿದಳು, ಇಟ್ಟಳು.
ನನ್ನ ಮುಖ ನೋಡಿದಳು.
ನಾನು ಗೋಡೆ ನೋಡಿದೆ.

‘ಏನು ಕೇಳುಸ್ತದವ್ವಾ ಅಲ್ಲಿ?’
‘ಗುಳ್ಳೆ ಒಡೆಯೋ ಹಾಗೆ, ಅಜ್ಜ.’
‘ದಪ್ಪ ಗುಳ್ಳೆಯಾ, ಸಣ್ಣ ಗುಳ್ಳೆಯಾ?’

ನಾನು ಕೇಳಬೇಕಿದ್ದ ಪ್ರಶ್ನೆ.

‘ಲೊಟಲೊಟ ಅಂದ್ರೆ ಇನ್ನೂ ನೀರದೆ ಅಂತ.
ಚಟಚಟ ಅಂತ ಸಣ್ಣಗಾದ್ರೆ ಹದ ಬಂತು, ಇಳುಸ್ಬೇಕು.
ಕಣ್ಣಲ್ಲಿ ನೋಡ್ದೋನು ಬೆಲ್ಲ ಕೆಡುಸ್ತಾನೆ ಕಣವ್ವ,
ಆ ಹೊಗೇಲಿ ಏನು ಕಂಡಾತು?
ಕಿವೀಲೇ ನೋಡ್ಬೇಕು.’

ಅವಳು ಕಣ್ಣು ಮುಚ್ಚಿದಳು.
ಎಷ್ಟು ಹೊತ್ತು ಅಂದರೆ
ಹೊರಗಿನ ಸಾಲಿನಿಂದ ಯಾರೋ ಬಾಗಿಲು ತಳ್ಳಿ ಇಣುಕಿ ಹೋದರು.
‘ದಪ್ಪ,’ ಅಂದಳು. ‘ಒಂದ್ಸಲ ಕೆಮ್ಮಿ ಅಜ್ಜ…
ಈಗ ಕಮ್ಮಿ.’
ಪುಸ್ತಕದ ಕೂದಲು ಅಲ್ಲಿಗೆ ಉದುರಿತು.

‘ಔಷಧ ತಗೋತಾ ಇದ್ದೀರಾ?’
‘ಓ, ಒಂದಿನವೂ ತಪ್ಪಿಸಿಲ್ಲ.’
ಜೇಬಿಂದ ಬಸ್ ಟಿಕೆಟ್ಟಿನ ಜೊತೆ ಹೊರಬಂತು
ಎಳೆದುಕೊಳ್ಳಬೇಕಾದ ಪುಡಿಯ ಕ್ಯಾಪ್ಸೂಲು.
ನಾಲಿಗೆಯ ಮೇಲಿಟ್ಟು ನೀರಿಗೆ ಕೈ ಚಾಚಿದ.
ಎರಡು ತಿಂಗಳಿಂದ ಹೀಗೇ,
ಬೆಳಗ್ಗೆ ಕಾಫಿಯ ಜೊತೆ, ರಾತ್ರಿ ಮುದ್ದೆಯ ಮೇಲೆ.
‘ಮತ್ತೆ ಆ ಯಂತ್ರ?’
‘ಆ ಪೀಪಿಯಾ? ಮೊಮ್ಮಗಳು ಆಡ್ಕೋತಾವ್ಳೆ.’

ಡೆನ್ಜಿಲ್ ನಗು ತಡೆದ.
ಪುಟ್ಟಲಿಂಗು ಚೀಟಿ ಕೇಳಿದ, ಯಾರು ಬರೆದದ್ದು ನೋಡೋಣವೆಂದು.
ಚೀಟಿ ನನ್ನ ಕೈಯಲ್ಲಿತ್ತು.
‘ದಿನಕ್ಕೆ ಎರಡು’, ಇಷ್ಟೇ, ನನ್ನ ಅವಸರದ ಅಕ್ಷರ.
ಅಂದು ಟೋಕನ್ ನೂರಿಪ್ಪತ್ತು ದಾಟಿತ್ತು,
ಅದೂ ನಿಜ.
ಸಹಿಯ ಮೇಲೆ ನನ್ನ ಹೆಬ್ಬೆರಳಿತ್ತು.
ತೆಗೆದೆ.

ಮೂವರೂ ಓದಿದರು.
ಯಾರೂ ಏನೂ ಅನ್ನಲಿಲ್ಲ; ಫ್ಯಾನು ಮಾತ್ರ ಕಟಕಟ.

ಆಮೇಲೆ ಪುಟ್ಟಲಿಂಗು ಸ್ಟೂಲು ಎಳೆದು
ಅವನ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತ.
‘ಪೂರ್ತಿ ಉಸ್ರು ಬುಟ್ಬುಡಿ. ತುಟಿ ಬಿಗಿಯಾಗಿ.
ಊದಬಾರ್ದು ಅಜ್ಜ, ಎಳೀಬೇಕು.’
‘ಬೀಡಿ ಎಳದಂಗಾ?’
‘ಬೀಡಿ ಎಳದಂಗೇ.’
ಫರ್ಹಾನಾ ಹುಬ್ಬು ಗಂಟಿಕ್ಕಿದಳು. ನಾನು ಸುಮ್ಮನಿದ್ದೆ.

ಎಳೆದ. ಹಿಡಿದ.
ಹಲಗೂರಿನ ಹುಡುಗ ಬೆಲ್ಲದಚ್ಚು ಎಣಿಸುವ ಹಾಗೆ ಎಣಿಸಿದ:
ಲಾಭ, ಎರಡು, ಮೂರು…
ಜವರಯ್ಯನ ಕಣ್ಣು ನಕ್ಕಿತು,
ಬಾಯಿ ಬಿಡುವಂತಿರಲಿಲ್ಲ.
ಏಳಕ್ಕೆ ಕೆಮ್ಮು ಒತ್ತಿ ಬಂತು.

‘ಬರೋ ಬುಧವಾರ ಎಂಟು,’ ಅಂದ,
ಗುಂಡಿ ಹಾಕಿಕೊಳ್ಳುತ್ತ, ಒಂದು ಮನೆ ತಪ್ಪಿ.
ಮೊಮ್ಮಗಳಿಗೆ ಬೇರೆ ಪೀಪಿ ಕೊಡಿಸಬೇಕು, ಅದೊಂದು ಖರ್ಚು.

ಸೆಖೆ. ಕಿಟಕಿ ತೆರೆದೆ.
ಎಲ್ಲಿಂದಲೋ ಬಿಸಿ ಬೆಲ್ಲದ ವಾಸನೆ, ಅದರ ಬೆನ್ನಿಗೇ ಹೊಗೆ.
ನರ್ಸಮ್ಮ ನಲವತ್ತೆರಡು ಕೂಗಿದಳು.
ಡೆನ್ಜಿಲ್ ಎದ್ದು ಹೋಗಿ
ಯಾರೂ ಹೇಳದೆಯೇ
ಕಿಟಕಿ ಮುಚ್ಚಿದ.