ಕೆಂಗೈ

ಪಂಚನಾಮೆಯ ಕಡೇ ಸಾಲಿನಲ್ಲಿತ್ತು ಆ ಮಾತು:
ಆರೋಪಿತೆ ಸಿಕ್ಕಿದ್ದು ರೆಡ್‌ಹ್ಯಾಂಡೆಡ್.

ಕಾರವಾರದ ಕೋರ್ಟಿನಲ್ಲಿ ನಾನಾಗ ದುಭಾಷಿ.
ಮನೆಮಾತು ಕೊಂಕಣಿ, ಅನ್ನದ ಮಾತು ಕನ್ನಡ,
ಇಂಗ್ಲಿಷು ಮೊಳೆಗೆ ತೂಗಿದ ಕರಿಕೋಟಿನ ಹಾಗೆ,
ಹನ್ನೊಂದಕ್ಕೆ ತೊಟ್ಟು ಐದಕ್ಕೆ ಕಳಚುವುದು.
ಬಣ್ಣ ಬಳಿದುಕೊಂಡು ಬರುವ ಅದರ ಪದಗಳೆಂದರೆ
ಮೊದಲಿಂದಲೂ ಅಂಜಿಕೆ.
ನನ್ನ ಹಿಂದಿದ್ದ ಗಾಂವಕರರು ಬ್ಲ್ಯಾಕ್‌ಮೇಲಿಗೆ
ಕಪ್ಪು ಟಪಾಲು ಎಂದು ಬರೆದು
ಪೋಸ್ಟ್‌ಮನ್ನನಿಗೇ ಸಮನ್ಸು ಹೋಯಿತಂತೆ.
ಗ್ರೀನ್‌ಹಾರ್ನ್ ಅಂದರೆ ಹಸಿರು ಕೊಂಬಲ್ಲವಯ್ಯಾ, ನೀನು,
ಎಂದಿದ್ದರು ಶಿರಸ್ತೇದಾರರು, ಮೊದಲ ದಿನ.

ಪಾನನಿರೋಧದ ಕಾಲ.
ಕಾಳಿ ದಾಟಿ ಕೋಡಿಬಾಗಕ್ಕೆ ಬಂದ ತಾರಿಯಲ್ಲಿ
ಎಂಟು ಬಾಟಲಿ ಫೆಣಿ, ಹಲಗೆಯ ಕೆಳಗೆ.
ಹಲಗೆಯ ಮೇಲೆ ಕೂತವಳು ಶೇವಂತಿ ಹರಿಕಾಂತ.
ಮಡಿಲಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಮುರುಗಲ ಸಿಪ್ಪೆ.
ಉಳಿದವರೆಲ್ಲ ನೀರಿಗೆ ಹಾರಿದ್ದರು.
ಅವಳು ಹಾರಲಿಲ್ಲ.
ಸಿಪ್ಪೆ ಒದ್ದೆಯಾದರೆ ಯಾರು ಕೊಳ್ಳುತ್ತಾರೆ?

ಸಾಹೇಬರು ಕೇಳಿದರು, ನಾನು ದಾಟಿಸಿದೆ.
ಸರಸರ ದಾಟಿಸುವ ಉಮೇದಿನಲ್ಲಿ
ಪದಕ್ಕೆ ಪದ ಇಟ್ಟೆ:
ನಿನ್ನ ಕೈ ಕೆಂಪಾಗಿತ್ತಂತೆ, ಹೌದೋ?

ಕಟಕಟೆಯ ಮೇಲಕ್ಕೆ ಎರಡೂ ಅಂಗೈ ಎತ್ತಿದಳು.
ಉಗುರುಸಂದಿನಿಂದ ಮಣಿಕಟ್ಟಿನ ತನಕ
ಚೈತ್ರ ಪೂರ್ತಿ ಹಣ್ಣು ಸುಲಿದ ಕೆಂಪು,
ಸೋಪಿಗೂ ಜಗ್ಗದ್ದು, ಉಪ್ಪಿಗೂ ಜಗ್ಗದ್ದು.
ಹೌದು ಬಾಬಾ, ತಾಂಬಡೇ. ನೋಡಲಿ ಅವರು.

ಕೋರ್ಟು ನಕ್ಕಿತು. ಪೋಲೀಸಿನವನೂ ನಕ್ಕ.
ನಗದೆ ಇದ್ದದ್ದು ಲೇಖನಿ ಮಾತ್ರ:
ಆರೋಪಿತೆ ಒಪ್ಪಿದ್ದಾಳೆ.
ದಂಡ ನಲವತ್ತು, ತಪ್ಪಿದರೆ ಹದಿನೈದು ದಿನ.
ಅವಳ ಹತ್ತಿರ ನಲವತ್ತು ಇರಲಿಲ್ಲ.
ನನ್ನ ಹತ್ತಿರ ಇತ್ತು. ಅದು ತಿಂಗಳ ಮೊದಲ ವಾರ.

ಆ ಮಧ್ಯಾಹ್ನ ಕಿಟಕಿಯಾಚೆ
ಕಡಲು ತನ್ನ ಪಾಡಿಗೆ ನೀಲಿಯಾಗಿತ್ತು.

ಆಮೇಲೆ ಹುಡುಕಿದೆ, ದಪ್ಪ ನಿಘಂಟಿನಲ್ಲಿ.
ಯಾವುದೋ ಚಳಿನಾಡಿನ ಕಾಡಿನಲ್ಲಿ
ಕೊಂದವನ ಕೈಯ ರಕ್ತ ಇನ್ನೂ ಆರುವ ಮುಂಚೆ
ಹಿಡಿದರಂತೆ. ಪದ ಹುಟ್ಟಿದ್ದು ಹಾಗೆ.
ನಮ್ಮಲ್ಲೂ ಇದೆಯಲ್ಲ, ಕೆಂಗೈ.
ಹಳಗನ್ನಡದ ಹೆಣ್ಣಿನ ಚಿಗುರುಗೈ ಅದು,
ಅಪರಾಧ ಎಂದರೆ ಏನೆಂದೇ ಅರಿಯದ್ದು.
ಕೆಂಪು, ಕೈ. ಕೂಡಿದರೆ
ಕಕಾರ ಹೋಗಿ ಗಕಾರ ಬರುತ್ತದೆ,
ಗಟ್ಟಿಯದು ಮೆತ್ತಗಾಗುತ್ತದೆ,
ಆದೇಶಸಂಧಿ ಎನ್ನುತ್ತಾರೆ ಎಂದು
ಬಾಯಿಪಾಠ ಮಾಡಿಸಿದ್ದರು ಹೈಸ್ಕೂಲಿನಲ್ಲಿ.
ಕೋರ್ಟಿನ ಆದೇಶಕ್ಕೆ ಆ ಸೂತ್ರ ಗೊತ್ತಿಲ್ಲ.

ಕೆಮ್ಮಣ್ಣು, ಕೆಂಜಿಗ, ಕೆಂಗಣ್ಣು,
ಬೆಳ್ಳಕ್ಕಿ, ಬೆಳ್ದಿಂಗಳು, ಕಾರ್ಮೋಡ, ಕಾರಿರುಳು...
ಹಳೇ ತೀರ್ಪುಗಳ ಬೆನ್ನಿಗೆ ಪೆನ್ಸಿಲಿನಲ್ಲಿ
ಬರೆಯುತ್ತ ಕೂತಿರುತ್ತಿದ್ದೆ, ಊಟದ ಬಿಡುವಿಗೆ.
ನೀಲಿಗೆ ಮಾತ್ರ ಅಂಥ ಹಳೇ ಜೋಡಿ ಸಿಗಲಿಲ್ಲ.
ಇಷ್ಟು ದೊಡ್ಡ ಕಡಲಿಟ್ಟುಕೊಂಡು!

ಸೇತುವೆ ಬಂತು. ತಾರಿ ನಿಂತಿತು. ನನಗೆ ಪಿಂಚಣಿ.
ಒಂದು ಆದಿತ್ಯವಾರ, ಸಂತೆಯಲ್ಲಿ,
ಗೋಣಿ ಹಾಸಿ ಕೂತಿದ್ದಳು, ಹಲ್ಲು ಬಿದ್ದಿದ್ದವು.
ಪಾವು ಸಿಪ್ಪೆ ಎಂದೆ.
ತಕ್ಕಡಿ ನೆಟ್ಟಗೆ ನಿಂತ ಮೇಲೂ ಒಂದು ಹಿಡಿ ಹಾಕಿದಳು.
ಕೋರ್ಟಿನ ಬಾಬಾ ಅಲ್ಲವೋ, ಎಂದಳು.
ಅಲ್ಲ ಎಂದೆ.
ಬಿಳಿ ಸುಳ್ಳು ಅನ್ನುತ್ತಾರಲ್ಲ, ಅದಕ್ಕೂ
ನನ್ನ ಹತ್ತಿರ ಸರಿಯಾದ ತರ್ಜುಮೆ ಇಲ್ಲ.

ಮನೆಗೆ ಬಂದು ಪೊಟ್ಟಣ ಬಿಚ್ಚಿ
ಒಂದು ಸಿಪ್ಪೆ ಅಂಗೈಯಲ್ಲಿಟ್ಟು ತಿಕ್ಕಿದೆ.
ಏನೂ ಹತ್ತಲಿಲ್ಲ.
ಒಣಗಿದ್ದು ಹಾಗೆಲ್ಲ ಬಣ್ಣ ಬಿಡುವುದಿಲ್ಲ,
ನೆನೆಹಾಕಬೇಕು, ಎಂದಳು ಹೆಂಡತಿ ಒಳಗಿಂದ,
ರಾತ್ರಿಯಿಡೀ.