ಮುನ್ನೂರ ನಲವತ್ತೊಂದು

ಮೂರು ಸಾವಿರ ತಲೆ ಬೇಕಂತೆ
ಒಂದು ಉಪಕೇಂದ್ರಕ್ಕೆ.
ಉಡುಪಿಯ ಆಫೀಸಿನಲ್ಲಿ ಫ್ಯಾನಿನಡಿ ಕೂತು
ಅವರು ಹೇಳಿದ್ದು ತಪ್ಪೇನಲ್ಲ,
ಕಾಗದದಲ್ಲಿ ಹಾಗೇ ಉಂಟು.
ನಮ್ಮ ಕುದ್ರುವಿನಲ್ಲಿ ನಾನೇ ಎಣಿಸಿದೆ,
ಮನೆಮನೆ ಹೊಕ್ಕು, ಎರಡು ಸಲ:
ಮುನ್ನೂರ ನಲವತ್ತೊಂದು.
ನೆಬಿಸಾಳ ಹೊಟ್ಟೆಯಲ್ಲಿದ್ದದ್ದನ್ನು ಸೇರಿಸಿದರೆ
ಇನ್ನೂ ಒಂದು.

ಎಣಿಸುವುದು ನಮಗೆ ಕಲಿಸಬೇಕಾ?
ಇಪ್ಪತ್ತೈದರ ಕಟ್ಟು, ಕಣ್ಣು ಮುಚ್ಚಿ ಹಿಡಿದರೂ
ಒಂದು ಬೀಡಿ ಕಮ್ಮಿ ಇದ್ದರೆ
ಹೆಬ್ಬೆರಳು ಹೇಳುತ್ತದೆ.

ಡಿಪೋ ಮುಚ್ಚಿ ಆರು ವರ್ಷ.
ಬಾಗಿಲು ತೆಗೆದ ದಿನ ಒಳಗಿದ್ದದ್ದು
ತುಕ್ಕು ಹಿಡಿದ ತಕ್ಕಡಿ, ಒಂದು ಬೆಂಚು,
ಲೇಬಲ್ಲಿನ ಕಟ್ಟು, ಗೆದ್ದಲು.
ತಕ್ಕಡಿಗೆ ಎಣ್ಣೆ ಬಿಟ್ಟು, ಸೀರೆಯ ಜೋಲಿ ಕಟ್ಟಿ
ಕಾರ್ಮಿಣ್ ಬಾಯಿಯ ಮೊಮ್ಮಗುವನ್ನು ತೂಗಿದೆವು.
"ಎಲೆಯಲ್ಲಿ ತೇವ ಉಂಟು, ನೂರು ಗ್ರಾಂ ಕಳೆ"
ಅಂದಳು ಅಪ್ಪಿ ಮೆಂಡನ್, ಹಳೆ ಗುಮಾಸ್ತನ ದನಿಯಲ್ಲಿ.
ಮಗು ಬೆದರಿ ಉಚ್ಚೆ ಹೊಯ್ದಿತು.
ಈಗಲೂ ಅಲ್ಲಿಯ ಹತ್ತಿಗೆ, ಬ್ಯಾಂಡೇಜಿಗೆ
ಹೊಗೆಸೊಪ್ಪಿನ ಘಾಟು.

ಜಗಳ ಆದದ್ದು ಔಷಧಿಗಲ್ಲ, ಬೀಗದ ಕೈಗೆ.
ದೈವಸ್ಥಾನದವರಲ್ಲಿ ಇರಲಿ ಅಂದರು ಕೆಲವರು,
ಮಸೀದಿ ಪಕ್ಕದ ಅಂಗಡಿಯಲ್ಲಿ ಅಂದರು ಕೆಲವರು.
ಮೂರು ಸಂಜೆ, ನಾಲ್ಕು ಕೆಟಲು ಚಹಾ.
ಕಡೆಗೆ ದೂಜಣ್ಣ, ದೋಣಿಯವ,
ಸಭೆಯಲ್ಲಿ ಎಂದೂ ಬಾಯಿ ತೆರೆಯದವ, ಎದ್ದು
ಬೀಗದ ಕೈಯನ್ನು ತನ್ನ ಉಡಿದಾರಕ್ಕೆ ಕಟ್ಟಿಕೊಂಡ:
"ರಾತ್ರಿ ಯಾರಿಗೆ ಎಂತ ಆದರೂ
ಮೊದಲು ಕೂಗುವುದು ನನ್ನನ್ನಲ್ಲವಾ?"

ಮಂಗಳವಾರ ಸಿಸ್ಟರ್ ಬರುತ್ತಾರೆ. ಸಂಗವ್ವ,
ಬಾದಾಮಿ ಕಡೆಯವರು, ನೀರು ಕಂಡರೆ ಹೆದರಿಕೆ.
ದೋಣಿಯ ನಟ್ಟನಡುವೆ ಕೂತು
ಲಸಿಕೆಯ ಪೆಟ್ಟಿಗೆಯನ್ನು ಕೂಸಿನ ಹಾಗೆ ಅವಚಿಕೊಂಡು
ದಡ ಮುಟ್ಟುವವರೆಗೆ ಕಣ್ಣು ತೆರೆಯುವುದಿಲ್ಲ.
"ಉಪ್ಪು ಕಡಿಮಿ ಮಾಡ್ರಿ" ಅಂದರು ಮೊದಲ ವಾರ,
ಒಣಮೀನಿಗೆ ಉಪ್ಪು ತಿಕ್ಕಿ ತಿಕ್ಕಿ ಕೈ ಬಿಳಿಚಿದ
ಹನ್ನೊಂದು ಹೆಂಗಸರಿಗೆ.
ಸ್ವಲ್ಪ ಹೊತ್ತು ಯಾರೂ ನಗಲಿಲ್ಲ. ಆಮೇಲೆ
ನಕ್ಕದ್ದು ಆಚೆ ದಡಕ್ಕೂ ಕೇಳಿರಬೇಕು.
ಈಗ ಅವರಿಗೆ ನಾಲ್ಕು ಮಾತು ತುಳು ಬರುತ್ತದೆ:
ಓಲು ಬೇನೆ, ಏತ್ ದಿನ ಆಂಡ್,
ವಣಸ್ ಆಂಡಾ, ಪೋಡ್ಯಡೆ.
ಹೆದರಬೇಡ ಅನ್ನುವ ಆ ಕೊನೆಯದನ್ನು
ದೋಣಿಯಲ್ಲಿ ತನಗೇ ಹೇಳಿಕೊಳ್ಳುತ್ತಾರೆ.

ಗೋಡೆಯ ಮೇಲೆ ಇದ್ದಿಲಲ್ಲಿ ದೂಜಣ್ಣನ ನಂಬರು,
ಕೆಳಗೆ ಆ ವಾರದ ಉಬ್ಬರ ಇಳಿತದ ಹೊತ್ತು.
ಪಿಂಚಣಿಯ ಅರ್ಜಿ, ರೇಷನ್ ಕಾರ್ಡಿನ ಹೆಸರು ತಿದ್ದುವುದು,
ಹಾವು ಕಚ್ಚಿದರೆ ಯಾವ ಆಸ್ಪತ್ರೆ,
ಎಲ್ಲ ಅದೇ ಬೆಂಚಿನಲ್ಲಿ.

ರಿಜಿಸ್ಟರಿನ ಮೊದಲ ಸಾಲಿಗೆ ನಾನು ಬರೆದ ಹೆಸರು
ಯಶವಂತಿ. ವಯಸ್ಸು ಇಪ್ಪತ್ತಾರು.
ತೂಕ, ಬಿಪಿ, ರಕ್ತ: ಖಾಲಿ.
ತಪಾಸಣೆಗೆ ಬಂದವರು ಪೆನ್ನಿನ ತುದಿ ಊರಿ ಕೇಳಿದರು,
"ಇದೆಂತ, ಪರೀಕ್ಷೆಯೇ ಮಾಡಿಲ್ಲ?"
ಇಳಿತದಲ್ಲಿ ಕೆಸರಿಗೆ ಕೂತ ದೋಣಿ,
ಆಟಿಯ ರಾತ್ರಿ, ನೀರು ಏರಲೆಂದು ಕಾದ ನಾಲ್ಕು ಗಂಟೆ,
ಅವಳ ಕೈ ಹಿಡಿದಿದ್ದ ನನ್ನ ಕೈ,
ಮೆಲ್ಲ ಮೆಲ್ಲ ಅದಕ್ಕೆ ತಾಗಿದ ತಂಪು.
ಇದಕ್ಕೆಲ್ಲ ಕಾಲಂ ಇಲ್ಲ.
ಒಂದು ಕಮ್ಮಿ ಬಂದರೆ
ಕಟ್ಟು ಕಟ್ಟಲಿಕ್ಕಾಗುವುದಿಲ್ಲ ಸಾರ್, ಅಂದೆ.
ಅರ್ಥ ಆಯಿತೋ ಇಲ್ಲವೋ. ಸಹಿ ಹಾಕಿದರು.

ಆಮೇಲೆ ದೂಜಣ್ಣ ಎರಡನೆಯ ದೋಣಿಯೊಂದನ್ನು
ಮೂಡುಬದಿಯ ಆಳದಲ್ಲಿ ಕಟ್ಟಿಡತೊಡಗಿದ,
ಇಳಿತದ ಹೊತ್ತಿಗೆಂದೇ.
ಮೊನ್ನೆ ನೆಬಿಸಾಳಿಗೆ ನೋವು ಬಂದದ್ದೂ ಇಳಿತದಲ್ಲೇ.
ಮಂಚದ ಸಮೇತ ಎತ್ತಿ
ಮೊಣಕಾಲು ಕೆಸರಿನಲ್ಲಿ ಆರು ಜನ.
ಹೆಣ್ಣು. ಎರಡು ಕಿಲೊ ಎಂಟುನೂರು,
ತೇವ ಕಳೆಯದೆ.

ಇನ್ನು ಬೇಕಾದದ್ದು
ಎರಡು ಸಾವಿರದ ಆರುನೂರ ಐವತ್ತೆಂಟು.
ಮತ್ತೆ, ಬಿಪಿ ಮಿಷನ್ನಿಗೆ ಸೆಲ್ಲು, ನಾಲ್ಕು.